ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (14 ಜುಲೈ 1794 – 27 ಮಾರ್ಚ್ 1868) ಮೈಸೂರು ಸಂಸ್ಥಾನದ ಮಹಾರಾಜರು, ವಿದ್ವಾಂಸರು ಹಾಗೂ ಕಲಾಪೋಷಕರು. ಚತುರಂಗ, ಗಂಜೀಫ ಮೊದಲಾದ ಮಣೆ ಮತ್ತು ಎಲೆಗಳ ಆಟಗಳನ್ನು ಪರಿಷ್ಕರಿಸಿ ಹೊಸ ಆಟಗಳನ್ನು ರೂಪಿಸಿದವರೆಂದು ಭಾರತೀಯ ಕ್ರೀಡೆಗಳ ಇತಿಹಾಸದಲ್ಲಿ ಇವರಿಗೆ ವಿಶಿಷ್ಟ ಸ್ಥಾನವಿದೆ.

ಬಾಲ್ಯ ಮತ್ತು ಪಟ್ಟಾಭಿಷೇಕ

ಕೃಷ್ಣರಾಜರು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರ್, ತಾಯಿ ಕೆಂಪನಂಜಮ್ಮಣ್ಣಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪನಿಯು ಒಡೆಯರ ವಂಶವನ್ನು ಮತ್ತೆ ಸಿಂಹಾಸನಕ್ಕೆ ತಂದಿತು. ಅದೇ ವರ್ಷ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕ ನಡೆದಾಗ ಅವರಿಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಅರಮನೆಯ ಹಿರಿಯರಾಗಿ ಬಾಲರಾಜರ ಪೋಷಣೆಯನ್ನು ನೋಡಿಕೊಂಡರು. ರಾಜ್ಯದ ಆಡಳಿತವನ್ನು ದಿವಾನ್ ಪೂರ್ಣಯ್ಯನವರು ನಡೆಸಿದರು.

ಆಳ್ವಿಕೆ ಮತ್ತು ಅಧಿಕಾರನಷ್ಟ

ಪ್ರಾಪ್ತವಯಸ್ಕರಾದ ಮೇಲೆ ಅವರು ಆಡಳಿತ ಸೂತ್ರವನ್ನು ಕೈಗೆ ತೆಗೆದುಕೊಂಡರು. ಕಂಪನಿಗೆ ಸಲ್ಲಬೇಕಾದ ವಾರ್ಷಿಕ ಪೊಗದಿಯ ಹೊರೆ ಹಾಗೂ ಕಂದಾಯ ವಸೂಲಿಯಲ್ಲಿನ ದೋಷಗಳಿಂದ ರೈತರ ಅಸಮಾಧಾನ ಬೆಳೆಯಿತು. 1830–31ರಲ್ಲಿ ನಗರ ಪ್ರಾಂತದಲ್ಲಿ ದಂಗೆ ಎದ್ದಿತು. ಇದನ್ನೇ ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ 1831ರಲ್ಲಿ ರಾಜ್ಯದ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡರು. ಮುಂದೆ ನಡೆದ ವಿಚಾರಣೆಯಲ್ಲಿ ಪರಿಸ್ಥಿತಿಯು ಮೊದಲು ವರದಿಯಾದಷ್ಟು ಕೆಟ್ಟದಾಗಿರಲಿಲ್ಲವೆಂದು ತಿಳಿದುಬಂದರೂ ಅಧಿಕಾರ ಮರಳಲಿಲ್ಲ.

ಅಂದಿನಿಂದ ಪಶ್ಚಿಮದ ನಗರದಿಂದ ಪೂರ್ವದ ಕೋಲಾರ, ಮುಳಬಾಗಿಲು, ಕುರುಡುಮಲೆಗಳವರೆಗಿನ ಇಡೀ ಸೀಮೆಯು ಕಮಿಷನರುಗಳ ಆಡಳಿತಕ್ಕೆ ಒಳಪಟ್ಟಿತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದರು. ಮಹಾರಾಜರಿಗೆ ಸಿಂಹಾಸನ, ಬಿರುದು, ಗೌರವಧನಗಳು ಉಳಿದವು; ಆಜ್ಞೆ ಹೊರಡಿಸುವ ಅಧಿಕಾರ ಉಳಿಯಲಿಲ್ಲ. ಆಗ ಅವರ ವಯಸ್ಸು 37. ಉಳಿದ ಆಯುಷ್ಯವನ್ನೆಲ್ಲ ಅವರು ಇದೇ ಸ್ಥಿತಿಯಲ್ಲಿ ಕಳೆಯಬೇಕಾಯಿತು.

ಸಾಹಿತ್ಯ ಮತ್ತು ಕಲಾಪೋಷಣೆ

ಅಧಿಕಾರವಿಲ್ಲದ ಅರಮನೆಯು ವಿದ್ವಾಂಸರು, ಸಂಗೀತಗಾರರು ಹಾಗೂ ಚಿತ್ರಕಾರರ ನೆಲೆಯಾಯಿತು. ಮೈಸೂರು ಶೈಲಿಯ ಚಿತ್ರಕಲೆ ಇವರ ಆಶ್ರಯದಲ್ಲಿ ಬೆಳೆಯಿತು. 1833ರಲ್ಲಿ ಇವರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಅದೇ ಮಹಾರಾಜ ಕಾಲೇಜಾಗಿ ಬೆಳೆಯಿತು. ಮಹಾಭಾರತವನ್ನು ಕನ್ನಡ ಗದ್ಯದಲ್ಲಿ ನಿರೂಪಿಸುವ 'ಕೃಷ್ಣರಾಜ ವಾಣೀವಿಲಾಸ' ಇವರ ಹೆಸರಿನಲ್ಲಿದೆ.

ಇವರ ಹೆಸರಿನಲ್ಲಿ ಸಿದ್ಧವಾದ ಮಹಾಗ್ರಂಥ 'ಶ್ರೀತತ್ತ್ವನಿಧಿ'. ದೇವತೆಗಳ ಧ್ಯಾನಶ್ಲೋಕ ಮತ್ತು ಚಿತ್ರಗಳನ್ನೊಳಗೊಂಡ ಈ ಸಚಿತ್ರ ಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದಾದ ಕೌತುಕನಿಧಿಯು ಆಟಗಳಿಗೆ ಮೀಸಲಾದ ಭಾಗಗಳನ್ನು ಹೊಂದಿದೆ. 122 ಯೋಗಾಸನಗಳ ಚಿತ್ರಗಳೂ ಇದರಲ್ಲಿಯೇ ಇವೆ.

ಆಟಗಳ ಪರಿಷ್ಕರಣೆ

ಗಂಜೀಫವು ದುಂಡನೆಯ ಎಲೆಗಳ ಆಟ. ಮೊಗಲರ ಕಾಲದ ಸಾಮಾನ್ಯ ಕಟ್ಟಿನಲ್ಲಿ 8 ಬಣ್ಣಗಳ 96 ಎಲೆಗಳೂ ದಶಾವತಾರ ಕಟ್ಟಿನಲ್ಲಿ 10 ಬಣ್ಣಗಳ 120 ಎಲೆಗಳೂ ಇರುತ್ತಿದ್ದವು. ಪ್ರತಿಯೊಂದು ಬಣ್ಣದಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು ಸೇರಿ ಹನ್ನೆರಡು. ಕೃಷ್ಣರಾಜರು ಈ ಮೂಲಚೌಕಟ್ಟನ್ನು ಉಳಿಸಿಕೊಂಡು ವಿಸ್ತರಿಸಿದರು. 'ಚದ' ಎಂದು ಕರೆಯಲಾಗುವ ಇವರ ಆಟಗಳಲ್ಲಿ ಒಂದು ಬಣ್ಣಕ್ಕೆ ಸಾಮಾನ್ಯವಾಗಿ 12 ಅಂಕಿಯ ಎಲೆಗಳೂ 6 ಚಿತ್ರದ ಎಲೆಗಳೂ ಇವೆ. ಕೆಲವು ಆಟಗಳಲ್ಲಿ ಬಣ್ಣಗಳ ಸಂಖ್ಯೆ 18ಕ್ಕೂ ಎಲೆಗಳ ಸಂಖ್ಯೆ 360ಕ್ಕೂ ಏರುತ್ತದೆ. ಹಳೆಯ ಗಂಜೀಫದಲ್ಲಿ ಇಲ್ಲದಿದ್ದ ಸ್ಥಿರವಾದ ತುರುಫಿನ ಬಣ್ಣ ಹಾಗೂ ಯಾವ ಎಲೆಯ ಬದಲಿಗಾದರೂ ಬಳಸಬಹುದಾದ ಎಲೆಗಳನ್ನು ಇವರು ಸೇರಿಸಿದರು. ಎಲೆಗಳ ಮೇಲೆ ಪುರಾಣದ ದೇವತೆಗಳನ್ನು ಚಿತ್ರಿಸಿದ್ದರಿಂದ, ಆಡುವವರು ಅವರ ವಾಹನ, ಆಯುಧ, ಲಕ್ಷಣಗಳನ್ನು ಗುರುತಿಸಲು ಕಲಿಯುವಂತಾಯಿತು.

ಚತುರಂಗದಲ್ಲಿ ಇವರನ್ನು ಸೆಳೆದದ್ದು ಕುದುರೆಯ ಪಯಣದ ಸಮಸ್ಯೆ. ಕುದುರೆಯು 64 ಮನೆಗಳಲ್ಲಿ ಪ್ರತಿಯೊಂದನ್ನೂ ಒಂದೇ ಸಲ ಮುಟ್ಟಿ ಬರಬೇಕೆಂಬುದು ಇದರ ನಿಯಮ. ಸಂಸ್ಕೃತದ ಚಿತ್ರಕಾವ್ಯದಲ್ಲಿ ಇದು ತುರಗಬಂಧವೆಂದು ಪ್ರಸಿದ್ಧ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ಇದಕ್ಕೆ ಉದಾಹರಣೆ ಇದೆ. ಕೃಷ್ಣರಾಜರು ಈ ಸಮಸ್ಯೆಗೆ ಹಲವು ಪರಿಹಾರಗಳನ್ನು ರಚಿಸಿದರು. ಕುದುರೆಯ ನಡೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕಿ ಕೊಟ್ಟಾಗ ಪ್ರತಿ ಅಡ್ಡಸಾಲಿನ ಮತ್ತು ಪ್ರತಿ ಉದ್ದಸಾಲಿನ ಮೊತ್ತ 260 ಆಗುವಂತಹ ಪರಿಹಾರವೂ ಅವುಗಳಲ್ಲಿದೆ.

ಈ ಆಟಗಳ ನಿಯಮ ಮತ್ತು ಚಿತ್ರಗಳನ್ನು ದಾಖಲಿಸಿಟ್ಟದ್ದರಿಂದಲೇ ಅವು ಇಂದಿಗೂ ಉಳಿದಿವೆ. ಆದರೆ ಅರಮನೆಯ ಹೊರಗೆ ಅವು ಹೆಚ್ಚು ಹರಡಲಿಲ್ಲ. ನೂರಾರು ಎಲೆಗಳನ್ನು ಕೈಯಿಂದ ಬರೆಯಿಸುವ ವೆಚ್ಚ ದೊಡ್ಡದು, ನಿಯಮಗಳನ್ನು ನೆನಪಿಡುವ ಶ್ರಮವೂ ದೊಡ್ಡದು. ಹಳ್ಳಿಯ ಜಗಲಿಯಲ್ಲಿ ಇದ್ದಿಲಿನಿಂದ ಮನೆ ಬರೆದು, ಹುಣಿಸೆ ಬೀಜ, ಕವಡೆಗಳಿಂದ ಆಡುವ ಚೌಕಾಬಾರವೇ ಜನರಲ್ಲಿ ಉಳಿಯಿತು. ನಿಯಮ ಹೆಚ್ಚಿದಂತೆಲ್ಲ ಆಡುವವರು ಕಡಿಮೆಯಾಗುತ್ತಾರೆಂಬ ಈ ಪಾಠವು ಆಟ ರೂಪಿಸುವವರಿಗಷ್ಟೇ ಅಲ್ಲದೆ, ಕಚೇರಿ, ಶಾಲೆಗಳಿಗೆ ನಿಯಮ ರೂಪಿಸುವವರಿಗೂ ಅನ್ವಯಿಸುತ್ತದೆ. ತಿಳಿದಿರುವುದನ್ನು ಕೈಬಿಡದೆ ಅದರ ಮೇಲೆ ಹೊಸದನ್ನು ಕಟ್ಟುವುದು, ಕಟ್ಟಿದ್ದನ್ನು ಇತರರಿಗೆ ಅರ್ಥವಾಗುವಂತೆ ಬರೆದಿಡುವುದು ಇವರ ಕ್ರಮದಿಂದ ಕಲಿಯಬಹುದಾದ ಇನ್ನೆರಡು ಅಂಶಗಳು.

ಕೊನೆಯ ದಿನಗಳು

ಆಟಗಳಲ್ಲಿ ಮುಳುಗಿ ರಾಜ್ಯವನ್ನು ಮರೆತರೆಂಬ ಅಭಿಪ್ರಾಯಕ್ಕೆ ಇವರ ಜೀವನವು ಆಧಾರ ಒದಗಿಸುವುದಿಲ್ಲ. ರಾಜ್ಯವನ್ನು ಮರಳಿ ಕೊಡಬೇಕೆಂದು ಇವರು ಒಬ್ಬರ ನಂತರ ಒಬ್ಬರು ಗವರ್ನರ್ ಜನರಲ್‌ಗಳಿಗೆ ಮನವಿ ಸಲ್ಲಿಸುತ್ತಲೇ ಇದ್ದರು. ಔರಸ ಪುತ್ರರಿಲ್ಲದ ಕಾರಣ 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಬ್ರಿಟಿಷ್ ಸರ್ಕಾರವು 1867ರಲ್ಲಿ ದತ್ತುಪುತ್ರರ ಹಕ್ಕನ್ನು ಒಪ್ಪಿಕೊಂಡಿತು. ಮರುವರ್ಷ ಮಾರ್ಚ್ 27ರಂದು, 73ನೆಯ ವಯಸ್ಸಿನಲ್ಲಿ, ಕೃಷ್ಣರಾಜರು ಮೈಸೂರಿನಲ್ಲಿ ನಿಧನರಾದರು. ರಾಜ್ಯವು ಒಡೆಯರ ಕೈಗೆ ಮರಳಿದ್ದು 1881ರ ಮಾರ್ಚ್ 25ರಂದು. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಪರಂಪರೆ

1861ರಲ್ಲಿ ಇವರು ಕಟ್ಟಿಸಿದ ಮೈಸೂರಿನ ಜಗನ್ಮೋಹನ ಅರಮನೆಯು ಇಂದು ಕಲಾಶಾಲೆಯಾಗಿದೆ. ಅಲ್ಲಿಯ ರಂಗಮಹಲಿನ ಭಿತ್ತಿಚಿತ್ರಗಳಲ್ಲಿ ಮಣೆಯ ಆಟಗಳ ಚಿತ್ರಗಳಿವೆ. ಮೈಸೂರು ಗಂಜೀಫ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಮಣೆ ಆಟಗಳನ್ನು ಮತ್ತೆ ಜನರ ಬಳಕೆಗೆ ತರುವ ಕಾರ್ಯ ಮಾಡುತ್ತಿದೆ.