ಆರ್‌ಎಫ್‌ಐಡಿ ಟ್ಯಾಗ್ ಕಂಡುಹಿಡಿದದ್ದು ರಷ್ಯಾದ ಸಂಗೀತಗಾರನೇ? ಲಿಯಾನ್ ಥೆರೆಮಿನ್ ಅವರ ಬದುಕು

ಬೆಂಗಳೂರಿನ ಹೊರವಲಯದ ಬಟ್ಟೆ ಗೋದಾಮೊಂದರಲ್ಲಿ ಸ್ಟಾಕ್ ಎಣಿಸುವುದನ್ನು ಒಮ್ಮೆ ನೋಡಿದ್ದೆ. ಒಂದು ಸಾಲಿನಲ್ಲಿ ಒಬ್ಬರು ಬಾರ್‌ಕೋಡ್ ಸ್ಕ್ಯಾನರ್ ಹಿಡಿದು, ಒಂದೊಂದೇ ಪ್ಯಾಕೆಟ್ಟನ್ನು ಗೆರೆಗಳು ಕಾಣುವಂತೆ ತಿರುಗಿಸಿ ಬೀಪ್ ಅನ್ನಿಸುತ್ತಿದ್ದರು. ಪಕ್ಕದ ಸಾಲಿನಲ್ಲಿದ್ದವರ ಕೈಯಲ್ಲಿ ಬೇರೆ ಯಂತ್ರವಿತ್ತು. ಅದರ ಗುಂಡಿ ಒತ್ತಿಕೊಂಡು ಅವರು ಮುಚ್ಚಿದ ರಟ್ಟಿನ ಪೆಟ್ಟಿಗೆಗಳ ಮುಂದೆ ಸುಮ್ಮನೆ ನಡೆದು ಹೋದರು. ಪೆಟ್ಟಿಗೆ ತೆರೆಯಲೇ ಇಲ್ಲ, ಆದರೂ ಒಳಗಿನ ಅಂಗಿಗಳ ಲೆಕ್ಕ ಪರದೆಯ ಮೇಲೆ ಏರುತ್ತಾ ಹೋಯಿತು.

ಮೊದಲನೆಯದು ಬೆಳಕಿನ ಕೆಲಸ. ಕಪ್ಪು ಗೆರೆ ಬೆಳಕನ್ನು ನುಂಗುತ್ತದೆ, ಬಿಳಿ ಜಾಗ ವಾಪಸು ಕಳಿಸುತ್ತದೆ. ಆದ್ದರಿಂದ ಸ್ಕ್ಯಾನರ್‌ಗೆ ಗೆರೆ ಕಾಣಲೇಬೇಕು. ಎರಡನೆಯದು ಆರ್‌ಎಫ್‌ಐಡಿ, ಅಂದರೆ ರೇಡಿಯೊ ಅಲೆಯ ಕೆಲಸ. ರಟ್ಟು, ಬಟ್ಟೆ ಅದಕ್ಕೆ ಅಡ್ಡಿಯಲ್ಲ. ಅಂಗಿಯ ಚೀಟಿಯೊಳಗೆ ಇರುವುದು ಸಾಸಿವೆಗಿಂತ ಚಿಕ್ಕದಾದ ಚಿಪ್ ಮತ್ತು ತೆಳುವಾದ ಲೋಹದ ಆಂಟೆನಾ. ಬ್ಯಾಟರಿ ಇಲ್ಲ. ಹಾಗಾದರೆ ಅದು ಉತ್ತರ ಕೊಡುವುದು ಹೇಗೆ?

ಈ ಪ್ರಶ್ನೆಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಬೇಗನೆ ಸಿಗುವ ಹೆಸರು ಲಿಯಾನ್ ಥೆರೆಮಿನ್. ಆರ್‌ಎಫ್‌ಐಡಿಯನ್ನು 1945ರಲ್ಲೇ ಕಂಡುಹಿಡಿದ ಸೋವಿಯತ್ ವಿಜ್ಞಾನಿ ಎಂದು ಎಷ್ಟೋ ಕಡೆ ಬರೆದಿದ್ದಾರೆ. ಇದರಲ್ಲಿ ಅರ್ಧ ನಿಜವಿದೆ. ಯಾವ ಅರ್ಧ ಎಂದು ತಿಳಿಯಬೇಕಾದರೆ ಅವರ ಬದುಕನ್ನೇ ನೋಡಬೇಕು.

ಅವರ ಮೂಲ ಹೆಸರು ಲೆವ್ ಸೆರ್ಗೆಯೆವಿಚ್ ಟೆರ್ಮೆನ್. ಹುಟ್ಟಿದ್ದು 1896ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಭೌತವಿಜ್ಞಾನದ ಜೊತೆಗೆ ಚೆಲ್ಲೊ ವಾದ್ಯವನ್ನೂ ಕಲಿತರು. ಕ್ರಾಂತಿಯ ನಂತರ ಅಬ್ರಾಮ್ ಇಯೊಫೆ ಅವರ ಭೌತ-ತಾಂತ್ರಿಕ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. 1920ರಲ್ಲಿ ಅನಿಲಗಳ ಗುಣವನ್ನು ವಿದ್ಯುತ್ತಿನಿಂದ ಅಳೆಯುವ ಉಪಕರಣ ಕಟ್ಟುತ್ತಿದ್ದಾಗ ಒಂದು ತೊಂದರೆ ಎದುರಾಯಿತು. ಕೈ ಹತ್ತಿರ ಹೋದರೆ ಹೆಡ್‌ಫೋನಿನಲ್ಲಿ ಕೇಳುವ ದನಿಯ ಶ್ರುತಿ ಬದಲಾಗುತ್ತಿತ್ತು. ನಮ್ಮ ದೇಹ ವಿದ್ಯುತ್ತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಬಲ್ಲದು. ಆಂಟೆನಾದ ಬಳಿ ಕೈ ತಂದರೆ ಸರ್ಕ್ಯೂಟಿನ ಕಂಪನಾಂಕವೇ ಸರಿದುಬಿಡುತ್ತದೆ. ಬೇರೆಯವರಾಗಿದ್ದರೆ ಇದನ್ನು ದೋಷವೆಂದು ಸರಿಪಡಿಸುತ್ತಿದ್ದರು. ಇವರು ಚೆಲ್ಲೊ ಬಲ್ಲವರು, ಆ ದನಿಯಲ್ಲೇ ರಾಗ ಹಿಡಿಯಲು ನೋಡಿದರು. ಮುಟ್ಟದೆ ನುಡಿಸುವ ವಾದ್ಯ ಹುಟ್ಟಿದ್ದು ಹೀಗೆ. ಇಂದಿಗೂ ಅದಕ್ಕೆ ಅವರದೇ ಹೆಸರು: ಥೆರೆಮಿನ್.

ಇದೇ ತತ್ವದಿಂದ ಅವರು ಕಳ್ಳ ಹತ್ತಿರ ಬಂದರೆ ಕೂಗುವ ಎಚ್ಚರಿಕೆ ಗಂಟೆಯನ್ನೂ ಮಾಡಿದರು. ಸಂಗೀತ ಮತ್ತು ಕಾವಲು ಎರಡೂ ಒಂದೇ ಸರ್ಕ್ಯೂಟಿನಿಂದ ಬಂದವು. ಅವರ ಮುಂದಿನ ಬದುಕೂ ಈ ಎರಡರ ನಡುವೆಯೇ ಸಾಗಿತು.

1922ರಲ್ಲಿ ಲೆನಿನ್ ಮುಂದೆ ವಾದ್ಯ ನುಡಿಸಿ ತೋರಿಸಿದರು. ಆಮೇಲೆ ಯುರೋಪ್ ಪ್ರವಾಸ, 1927ರ ಕೊನೆಗೆ ಅಮೆರಿಕ. 1928ರಲ್ಲಿ ಪೇಟೆಂಟ್ ಸಿಕ್ಕಿತು, ಆರ್‌ಸಿಎ ಕಂಪನಿ ಸುಮಾರು 500 ವಾದ್ಯಗಳನ್ನು ತಯಾರಿಸಿತು. ಆದರೆ ಮುಟ್ಟದೆ ನುಡಿಸುವುದು ಜಾಹೀರಾತು ಹೇಳಿದಷ್ಟು ಸುಲಭವಿರಲಿಲ್ಲ, ಜೊತೆಗೆ 1929ರ ಷೇರುಪೇಟೆ ಕುಸಿತ. ವ್ಯಾಪಾರ ನೆಲಕಚ್ಚಿತು. ನ್ಯೂಯಾರ್ಕಿನಲ್ಲಿ ಅವರು ಕಪ್ಪು ನರ್ತಕಿ ಲವಿನಿಯಾ ವಿಲಿಯಮ್ಸ್ ಅವರನ್ನು ಮದುವೆಯಾದಾಗ ಎಷ್ಟೋ ಶ್ರೀಮಂತ ಪರಿಚಿತರು ಮನೆ ಬಾಗಿಲು ಮುಚ್ಚಿದರು. ಸಾಲ, ತೆರಿಗೆ ಬಾಕಿಯೂ ಬೆಳೆಯಿತು. ಅಮೆರಿಕದಲ್ಲಿದ್ದಾಗ ಸೋವಿಯತ್ ಗುಪ್ತಚರರಿಗೆ ಮಾಹಿತಿ ಕೊಡುತ್ತಿದ್ದುದನ್ನು ಮುಂದೆ ಅವರೇ ಒಪ್ಪಿಕೊಂಡರು.

1938ರಲ್ಲಿ ಅವರು ಇದ್ದಕ್ಕಿದ್ದಂತೆ ನ್ಯೂಯಾರ್ಕಿನಿಂದ ಕಾಣೆಯಾದರು. ಸೋವಿಯತ್ ಏಜೆಂಟರು ಅಪಹರಿಸಿದರೆಂಬ ಕಥೆ ದಶಕಗಳ ಕಾಲ ಓಡಿತು. ತಾನಾಗಿಯೇ ಹಡಗು ಹತ್ತಿದ್ದಾಗಿ ಥೆರೆಮಿನ್ ವೃದ್ಧಾಪ್ಯದಲ್ಲಿ ಹೇಳಿದರು. ಹೆಂಡತಿಯನ್ನು ಆಮೇಲೆ ಕರೆಸಿಕೊಳ್ಳಬಹುದು ಎಂದು ನಂಬಿದ್ದರು. ಇಬ್ಬರೂ ಮತ್ತೆಂದೂ ಭೇಟಿಯಾಗಲಿಲ್ಲ.

ಮರಳಿದ ದೇಶ ಸ್ಟಾಲಿನ್ನನದಾಗಿತ್ತು. 1939ರ ಮಾರ್ಚ್‌ನಲ್ಲಿ ಬಂಧನ, ಸುಳ್ಳು ಆರೋಪ, ಎಂಟು ವರ್ಷಗಳ ಶಿಕ್ಷೆ. ಮೊದಲು ಸೈಬೀರಿಯಾದಾಚೆಯ ಕೊಲಿಮಾ ಶಿಬಿರಕ್ಕೆ ಕಳಿಸಿದರು. ಚಳಿ ಮತ್ತು ಹಸಿವಿಗೆ ಅಸಂಖ್ಯ ಕೈದಿಗಳು ಬಲಿಯಾದ ಜಾಗ ಅದು. ಅಲ್ಲಿಂದ ಅವರನ್ನು ಉಳಿಸಿದ್ದು ಅವರ ವಿದ್ಯೆ. ವಿಜ್ಞಾನಿ ಕೈದಿಗಳನ್ನು ಕೂಡಿಹಾಕಿ ಸರ್ಕಾರಕ್ಕಾಗಿ ದುಡಿಸುವ ರಹಸ್ಯ ಪ್ರಯೋಗಾಲಯಗಳು ಆಗ ಇದ್ದವು. ಜನರ ಬಾಯಲ್ಲಿ ಅವಕ್ಕೆ ಶರಾಷ್ಕಾ ಎಂದು ಹೆಸರು. ವಿಮಾನ ವಿನ್ಯಾಸಕಾರ ಟುಪೊಲೆವ್ ಮತ್ತು ಮುಂದೆ ರಾಕೆಟ್ ಕಾರ್ಯಕ್ರಮ ಕಟ್ಟಿದ ಕೊರೊಲೆವ್ ಕೂಡ ಅಂಥಲ್ಲೇ ದುಡಿದವರು. ಊಟ ಸಿಗುತ್ತಿತ್ತು, ಸ್ವಾತಂತ್ರ್ಯವಿರಲಿಲ್ಲ.

ಅಂಥ ಬಂಧನದಲ್ಲಿ ಥೆರೆಮಿನ್ ಮಾಡಿದ ಒಂದು ವಸ್ತುವೇ ಆರ್‌ಎಫ್‌ಐಡಿಯ ಅಜ್ಜ ಎಂದು ಕರೆಸಿಕೊಳ್ಳುತ್ತಿರುವುದು.

1945ರ ಆಗಸ್ಟ್‌ನಲ್ಲಿ ಸೋವಿಯತ್ ಶಾಲಾಮಕ್ಕಳ ತಂಡವೊಂದು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಅವೆರೆಲ್ ಹ್ಯಾರಿಮನ್ ಅವರಿಗೆ ಉಡುಗೊರೆ ಕೊಟ್ಟಿತು. ಮರದಲ್ಲಿ ಕೆತ್ತಿದ ಅಮೆರಿಕದ ರಾಷ್ಟ್ರಲಾಂಛನ, ರೆಕ್ಕೆ ಬಿಚ್ಚಿದ ಹದ್ದು. ಅದು ರಾಯಭಾರಿಯ ನಿವಾಸದ ಓದುಕೋಣೆಯ ಗೋಡೆ ಸೇರಿತು. ಹದ್ದಿನ ಹಿಂದೆ, ಮರದೊಳಗೆ, ಒಂದು ಪುಟ್ಟ ಲೋಹದ ಡಬ್ಬಿ ಮತ್ತು ಕಡ್ಡಿಯಂಥ ಆಂಟೆನಾ ಇದ್ದವು. ಡಬ್ಬಿಯ ಒಂದು ಮುಖ ಅತಿ ತೆಳುವಾದ ಲೋಹದ ಪೊರೆ. ತಂತಿ ಇಲ್ಲ, ಬ್ಯಾಟರಿ ಇಲ್ಲ, ಕೆಡುವಂಥ ಬಿಡಿಭಾಗವೂ ಇಲ್ಲ.

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಅದರ ಗಾತ್ರಕ್ಕೆ ತಕ್ಕ ಒಂದೇ ಸ್ವರ ಬರುತ್ತದೆ. ಸ್ವಲ್ಪ ನೀರು ತುಂಬಿದರೆ ಸ್ವರ ಏರುತ್ತದೆ. ಈ ಡಬ್ಬಿಯೂ ಹಾಗೆಯೇ, ಆದರೆ ಗಾಳಿಗಲ್ಲ, ರೇಡಿಯೊ ಅಲೆಗೆ. ಹೊರಗೆ ಎಲ್ಲೋ ಹತ್ತಿರದಲ್ಲಿ ಕುಳಿತವರು ಕಟ್ಟಡದತ್ತ ರೇಡಿಯೊ ಅಲೆ ಹಾಯಿಸಿದಾಗ ಡಬ್ಬಿ ಅನುರಣಿಸಿ ಅದನ್ನು ಮರಳಿ ಚೆಲ್ಲುತ್ತಿತ್ತು. ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಪೊರೆ ನಡುಗುತ್ತಿತ್ತು, ಅದರಿಂದ ಡಬ್ಬಿಯ ಶ್ರುತಿ ಕದಲುತ್ತಿತ್ತು, ಮರಳುವ ಅಲೆಯಲ್ಲಿ ಆ ನಡುಕ ಅಚ್ಚಾಗುತ್ತಿತ್ತು. ಅಲೆ ನಿಲ್ಲಿಸಿದರೆ ಡಬ್ಬಿ ಬರೀ ಲೋಹದ ತುಂಡು. ಹಾಗಾಗಿ ಕೋಣೆಯನ್ನು ಶೋಧಿಸಿದವರಿಗೆ ಏನೂ ಸಿಗುತ್ತಿರಲಿಲ್ಲ. ಏನನ್ನೂ ಪ್ರಸಾರ ಮಾಡದ ವಸ್ತುವನ್ನು ಪ್ರಸಾರ ಹಿಡಿಯುವ ಯಂತ್ರ ಹುಡುಕುವುದಾದರೂ ಹೇಗೆ!

ಏಳು ವರ್ಷ ಅದು ಅಲ್ಲೇ ಇತ್ತು. ಕೊನೆಗೆ ರೇಡಿಯೊ ಆಲಿಸುತ್ತಿದ್ದ ಬ್ರಿಟಿಷ್ ಸಿಬ್ಬಂದಿಗೆ ರಾಯಭಾರಿ ಕಚೇರಿಯ ಮಾತುಕತೆ ಗಾಳಿಯಲ್ಲಿ ಕೇಳಿಬಂದು ಅನುಮಾನ ಹುಟ್ಟಿತು. 1952ರಲ್ಲಿ ಆಗಿನ ರಾಯಭಾರಿ ಜಾರ್ಜ್ ಕೆನನ್ ಓದುಕೋಣೆಯಲ್ಲಿ ಕುಳಿತು ಹಳೆಯ ವರದಿಯೊಂದನ್ನು ಜೋರಾಗಿ ಓದಿ ಬರೆಸುವಂತೆ ನಟಿಸಿದರು. ಹೊರಗಿನವರು ಆಸೆಯಿಂದ ಅಲೆ ಹಾಯಿಸಿದ ಹೊತ್ತಿನಲ್ಲೇ ತಂತ್ರಜ್ಞರು ಗೋಡೆ ಜಾಲಾಡಿ ಹದ್ದನ್ನು ಹಿಡಿದರು. ಹೆಸರಿಡಲು ತೋಚದೆ ಅಮೆರಿಕನ್ನರು ಅದನ್ನು ದಿ ಥಿಂಗ್, ಅಂದರೆ ಆ ವಸ್ತು, ಎಂದೇ ಕರೆದರು. 1960ರಲ್ಲಿ ಅದನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲೇ ಪ್ರದರ್ಶಿಸಿದರು.

ಈಗ ಗೋದಾಮಿಗೆ ಮರಳೋಣ. ಕೈಯಲ್ಲಿ ಹಿಡಿದ ರೀಡರ್ ರೇಡಿಯೊ ಅಲೆ ಹಾಯಿಸುತ್ತದೆ. ಟ್ಯಾಗಿನ ಆಂಟೆನಾ ಅದನ್ನು ಹೀರಿ ಚಿಪ್ಪಿಗೆ ಜೀವ ಕೊಡುತ್ತದೆ. ಚಿಪ್ ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ಆಂಟೆನಾ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಪ್ರತಿಫಲಿಸುವಂತೆ ಮಾಡುತ್ತದೆ, ಅಷ್ಟೇ. ಚಿಕ್ಕವರಿದ್ದಾಗ ಕನ್ನಡಿ ಹಿಡಿದು ಬಿಸಿಲನ್ನು ಎದುರು ಮನೆಯ ಗೋಡೆಯ ಮೇಲೆ ಕುಣಿಸಿದ್ದೀರಲ್ಲ? ಕನ್ನಡಿಗೆ ಸ್ವಂತ ಬೆಳಕಿಲ್ಲ, ಆದರೂ ಸಂಕೇತ ಕಳಿಸಬಲ್ಲದು. ಟೋಲ್ ಗೇಟಿನಲ್ಲಿ ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್ ಮಾಡುವುದೂ ಇದನ್ನೇ. ಮೇಲಿನ ಯಂತ್ರ ಓದದಿದ್ದಾಗ ಸಿಬ್ಬಂದಿ ಕೈಯಲ್ಲಿ ಹಿಡಿದು ತರುವ ಸ್ಕ್ಯಾನರ್ ನೆನಪಿಸಿಕೊಳ್ಳಿ.

ಅಂದರೆ ತತ್ವ ಒಂದೇ: ಹೊರಗಿನ ಅಲೆ, ಒಳಗೆ ಮೌನ, ಪ್ರತಿಫಲನದಲ್ಲಿ ಸಂದೇಶ. ಆದರೆ ಆರ್‌ಎಫ್‌ಐಡಿಯ ಕೊನೆಯ ಎರಡಕ್ಷರ ಗುರುತು ಎಂಬುದನ್ನು ಸೂಚಿಸುತ್ತವೆ. ಥೆರೆಮಿನ್ ಡಬ್ಬಿಯಲ್ಲಿ ಯಾವ ಗುರುತೂ, ಸಂಖ್ಯೆಯೂ, ನೆನಪೂ ಇರಲಿಲ್ಲ. ಅದು ಮೈಕ್ರೊಫೋನ್. ಪ್ರತಿಫಲಿತ ಅಲೆಯಿಂದಲೇ ಸಂವಹನ ನಡೆಸುವ ವಿಚಾರವನ್ನು ಬಹಿರಂಗವಾಗಿ ಚರ್ಚಿಸಿದ್ದು ಹ್ಯಾರಿ ಸ್ಟಾಕ್‌ಮನ್, 1948ರ ಅಕ್ಟೋಬರ್‌ನ ಲೇಖನದಲ್ಲಿ. ಆ ತಿಂಗಳು ಮರದ ಹದ್ದು ಇನ್ನೂ ರಾಯಭಾರಿಯ ಗೋಡೆಯ ಮೇಲೇ ಇತ್ತು, ಅದರ ಗುಟ್ಟು ಹೊರಗಿನ ಯಾರಿಗೂ ಗೊತ್ತಿರಲಿಲ್ಲ. ಸ್ಮೃತಿಯುಳ್ಳ ಟ್ಯಾಗಿಗೆ ಮಾರಿಯೊ ಕಾರ್ಡುಲೊ ಪೇಟೆಂಟ್ ಪಡೆದದ್ದು 1973ರಲ್ಲಿ. ಆದ್ದರಿಂದ ಥೆರೆಮಿನ್ ಅವರನ್ನು ಪೂರ್ವಜ ಎನ್ನಬಹುದು. ಸಂಶೋಧಕ ಎಂದರೆ ತಪ್ಪಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದೇ ತತ್ವದ ಬಾಲ ಹಿಡಿದು ನಮ್ಮಲ್ಲೂ ಒಂದು ವದಂತಿ ಹರಿದಾಡಿತ್ತು. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೊ ಜಿಪಿಎಸ್ ಚಿಪ್ ಇದೆ, ಅದಕ್ಕೆ ಬ್ಯಾಟರಿ ಬೇಕಿಲ್ಲ, ಉಪಗ್ರಹದ ಸಂಕೇತವನ್ನು ಪ್ರತಿಫಲಿಸುತ್ತದೆ, ನೆಲದಡಿ ಹೂತರೂ ಸಿಕ್ಕಿಬೀಳುತ್ತದೆ ಎಂದು ವಾಟ್ಸಾಪ್ ತುಂಬಾ ಸುದ್ದಿ. ನಮ್ಮ ಮನೆಯ ಗ್ರೂಪಿಗೂ ಬಂದಿತ್ತು. ಸರ್ಕಾರವೂ ರಿಸರ್ವ್ ಬ್ಯಾಂಕೂ ಅಲ್ಲಗಳೆದವು. ಬ್ಯಾಟರಿಯಿಲ್ಲದೆ ಪ್ರತಿಫಲಿಸುವ ಭಾಗ ಮಾತ್ರ ಸುಳ್ಳಲ್ಲ, ಅದಕ್ಕೇ ವದಂತಿ ನಂಬುವಂತಿತ್ತು. ಸುಳ್ಳಿರುವುದು ದೂರದಲ್ಲಿ. ರೀಡರ್ ಮತ್ತು ಟ್ಯಾಗ್ ನಡುವಿನ ಅಂತರ ಎರಡು ಪಟ್ಟಾದರೆ, ಹೋಗಿ ಮರಳುವ ಸಂಕೇತದ ಬಲ ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ರೀಡರ್ ಕೂಡ ಇಂಥ ಟ್ಯಾಗನ್ನು ಓದುವುದು ಕೆಲವೇ ಮೀಟರ್‌ಗಳಿಂದ. ಜಿಪಿಎಸ್ ಉಪಗ್ರಹಗಳಿರುವುದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ. ಸಾಲದ್ದಕ್ಕೆ ಅವು ಸಂಕೇತ ಕಳಿಸುತ್ತವೆಯೇ ಹೊರತು ನಮ್ಮ ಜೇಬಿನಿಂದ ಬರುವ ಉತ್ತರಕ್ಕೆ ಕಿವಿಗೊಡುವುದಿಲ್ಲ. ಥೆರೆಮಿನ್ ಡಬ್ಬಿಗೂ ಹತ್ತಿರದಲ್ಲೇ ಯಾರಾದರೂ ಕೂರಬೇಕಿತ್ತು.

1947ರಲ್ಲಿ ಅವರಿಗೆ ಬಿಡುಗಡೆಯಾಯಿತು. ಕದ್ದಾಲಿಕೆ ಸಾಧನಗಳಿಗಾಗಿ, ಜೈಲಿಗೆ ತಳ್ಳಿದ ಅದೇ ಸರ್ಕಾರದಿಂದ ಸ್ಟಾಲಿನ್ ಪ್ರಶಸ್ತಿಯೂ ಬಂತು. ಆಮೇಲೂ ಗುಪ್ತಚರ ಸಂಸ್ಥೆಗೇ ಕೆಲಸ ಮಾಡುತ್ತಾ ಉಳಿದರು. ಅಮೆರಿಕದ ಹಳೆಯ ಗೆಳೆಯರು ಅವರು ಸತ್ತೇಹೋದರೆಂದು ತಿಳಿದಿದ್ದರು. ಅರವತ್ತರ ದಶಕದಲ್ಲಿ ಮಾಸ್ಕೋದ ಸಂಗೀತ ಸಂಸ್ಥೆ ಸೇರಿ ಮತ್ತೆ ವಾದ್ಯ ಕಟ್ಟತೊಡಗಿದರು. 1967ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಸಂಗೀತ ವಿಮರ್ಶಕರೊಬ್ಬರು ಅವರನ್ನು ಅಲ್ಲಿ ಕಂಡು ಪತ್ರಿಕೆಯಲ್ಲಿ ಬರೆದರು. ಮೆಚ್ಚಿ ಬರೆದದ್ದೇ ಮುಳುವಾಯಿತು. ಮೇಲಿನವರು ಸಿಟ್ಟಾಗಿ ಅವರನ್ನು ಕೆಲಸದಿಂದ ತೆಗೆದರು, ವಾದ್ಯಗಳನ್ನು ಹೊರಗೆಸೆದರು. ನಂತರ ಮಾಸ್ಕೋ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿ ಸಣ್ಣದೊಂದು ತಾಂತ್ರಿಕ ಹುದ್ದೆ ಹಿಡಿದರು.

1991ರಲ್ಲಿ, 94ನೆಯ ವಯಸ್ಸಿನಲ್ಲಿ, ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಾಗ, ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯರಾದರು. ಲೆನಿನ್‌ಗೆ ಮಾತು ಕೊಟ್ಟಿದ್ದೆ ಎಂಬುದು ಅವರು ಕೊಟ್ಟ ಕಾರಣ. ಅದೇ ವರ್ಷ ಅರ್ಧ ಶತಮಾನದ ಮೇಲೆ ನ್ಯೂಯಾರ್ಕಿಗೆ ಹೋಗಿ, ತಮ್ಮ ವಾದ್ಯವನ್ನು ಎಲ್ಲರಿಗಿಂತ ಚೆನ್ನಾಗಿ ನುಡಿಸುತ್ತಿದ್ದ ಕ್ಲಾರಾ ರಾಕ್‌ಮೋರ್ ಅವರ ಮನೆಯ ಬಾಗಿಲು ತಟ್ಟಿದರು. ಲವಿನಿಯಾ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಥೆರೆಮಿನ್ 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ ನಿಧನರಾದರು.