ಶಾಲೆಯನ್ನು ಒರೆಗೆ ಹಚ್ಚಿದ ಕವಿ: ಪಂಜೆ ಮಂಗೇಶರಾಯರು

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಒಬ್ಬ ಮಹನೀಯರ ಬಾಳನ್ನು ನೆನೆಯುವುದೇ ಯೋಗ್ಯವೆಂದು ನನಗೆ ತೋರಿತು. ಇಂತಹ ಸಮಯದಲ್ಲಿ ಶಾಲೆಯನ್ನು ಹೊಗಳುವುದು ವಾಡಿಕೆ. ಆದರೆ ಒಂದು ಪ್ರಾಥಮಿಕ ಶಾಲೆ ಒಳ್ಳೆಯದೆಂದು ನಾವು ಯಾವುದನ್ನು ನೋಡಿ ಹೇಳುತ್ತೇವೆ? ಕಟ್ಟಡವನ್ನೇ, ಮಕ್ಕಳ ಸಂಖ್ಯೆಯನ್ನೇ, ಪರೀಕ್ಷೆಯ ಫಲಿತಾಂಶವನ್ನೇ? ಬೊಮ್ರಾಸಪೇಟ್, ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಭಾಗದ ಕನ್ನಡ ಮನೆತನಗಳಿಗೆ ಇದು ಪಂಡಿತರ ಚರ್ಚೆಗೆ ಬಿಟ್ಟುಬಿಡುವ ಪ್ರಶ್ನೆಯಲ್ಲ. ಪ್ರತಿವರ್ಷ ಜೂನ್ ತಿಂಗಳು ಬಂದಾಗ, ಮಗುವನ್ನು ಕನ್ನಡ ಶಾಲೆಗೆ ಹಾಕಬೇಕೆ, ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಬೇಕೆ ಎಂದು ತಂದೆತಾಯಿಗಳು ಯೋಚಿಸುವಾಗ ಈ ಪ್ರಶ್ನೆಯೇ ಅವರ ಮುಂದೆ ನಿಲ್ಲುತ್ತದೆ. ಅವರು ಕೊಡುವ ಉತ್ತರದ ಮೇಲೆ ನಮ್ಮ ಶಾಲೆಗಳ ಅಳಿವು ಉಳಿವು ನಿಂತಿದೆ.

ಈ ಪ್ರಶ್ನೆಗೆ ತಮ್ಮ ವೃತ್ತಿಯಿಂದಲೂ ಬರಹದಿಂದಲೂ ಉತ್ತರ ಹೇಳಿದವರು ಪಂಜೆ ಮಂಗೇಶರಾಯರು. ಕವಿಶಿಷ್ಯ ಎಂಬ ಕಾವ್ಯನಾಮದ ಈ ಮಕ್ಕಳ ಕವಿಯನ್ನು ಕನ್ನಡಿಗರೆಲ್ಲರೂ ಬಲ್ಲರು. ಅವರು ಶಾಲೆಗಳ ತನಿಖಾಧಿಕಾರಿಯಾಗಿದ್ದರೆಂಬುದನ್ನು ಬಲ್ಲವರು ಕಡಿಮೆ. ತನಿಖೆ ಮಾಡುವ ಅಧಿಕಾರಿಯೂ ಹಾಡು ಕಟ್ಟುವ ಕವಿಯೂ ಒಬ್ಬರೇ ಆಗಿದ್ದುದು ಆಕಸ್ಮಿಕವಲ್ಲವೆಂಬುದು ಅವರ ಚರಿತ್ರೆಯನ್ನು ಓದಿದಷ್ಟೂ ಸ್ಪಷ್ಟವಾಗುತ್ತದೆ.

ಪಂಜೆಯವರು ೧೮೭೪ರ ಫೆಬ್ರವರಿ ೨೨ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಪೂರ್ವಿಕರು ಪಂಜ ಎಂಬ ಊರಿನವರಾದುದರಿಂದ ಪಂಜೆ ಎಂಬುದು ಮನೆತನದ ಹೆಸರಾಯಿತು. ಸಾರಸ್ವತ ಸಮಾಜದ ಅವರ ಮನೆಯ ಮಾತು ಕೊಂಕಣಿ. ಊರಿನ ಮಾತು ತುಳು. ಶಾಲೆಯಲ್ಲಿ ಕನ್ನಡ, ಮೇಲಿನ ತರಗತಿಗಳಲ್ಲಿ ಇಂಗ್ಲಿಷ್. ಮನೆಯಲ್ಲಿ ಕನ್ನಡವಾಡಿ, ಸಂತೆಯಲ್ಲಿ ತೆಲುಗನ್ನೂ ಪಕ್ಕದ ಓಣಿಯಲ್ಲಿ ಉರ್ದುವನ್ನೂ ಕೇಳುತ್ತ ಬೆಳೆಯುವ ನಮ್ಮ ಮಕ್ಕಳ ಸ್ಥಿತಿಗೂ ಅವರ ಬಾಲ್ಯಕ್ಕೂ ಹೆಚ್ಚಿನ ಅಂತರವಿಲ್ಲ. ಹಲವು ಭಾಷೆಗಳ ನಡುವೆ ಬೆಳೆಯುವ ಮಗು ದಡ್ಡನಾಗುತ್ತದೆಂಬ ಭಯ ಇಂದಿಗೂ ಕೆಲವು ಪಾಲಕರಲ್ಲಿದೆ. ಆ ಭಯಕ್ಕೆ ಪಂಜೆಯವರ ಬಾಳೇ ಸಮಾಧಾನ.

ಮಂಗಳೂರಿನಲ್ಲಿ ವಿದ್ಯಾಭ್ಯಾಸ ಮಾಡಿದ ಅವರು ೧೮೯೬ರಲ್ಲಿ ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳು ಅವರ ಶಿಷ್ಯವರ್ಗಕ್ಕೆ ಸೇರಿದವರು. ಸುವಾಸಿನಿ ಪತ್ರಿಕೆಯಲ್ಲಿ ೧೯೦೦ರ ಸುಮಾರಿಗೆ ಅವರು ಬರೆದ ಕಥೆಗಳಿಂದ ಹೊಸಗನ್ನಡದ ಸಣ್ಣಕಥೆಗೆ ನಾಂದಿಯಾಯಿತು. ಮುಂದೆ ಶಿಕ್ಷಕ ತರಬೇತಿಯನ್ನು ಪಡೆದು ಶಾಲೆಗಳ ಸಬ್ ಅಸಿಸ್ಟೆಂಟ್ ಇನ್‌ಸ್ಪೆಕ್ಟರಾದರು. ಹುದ್ದೆಯ ಹೆಸರು ಉದ್ದವಾದರೂ ಅಧಿಕಾರ ಚಿಕ್ಕದು, ಕೆಲಸ ದೊಡ್ಡದು. ಘಟ್ಟದ ಕೆಳಗಿನ ಆ ಜಿಲ್ಲೆಯಲ್ಲಿ ಹೊಳೆಗಳನ್ನು ದೋಣಿಯಲ್ಲಿ ದಾಟಿ, ಗದ್ದೆಯ ಬದುಗಳ ಮೇಲೆ ನಡೆದು ಹಳ್ಳಿಯ ಶಾಲೆಗಳನ್ನು ಮುಟ್ಟಬೇಕಾಗುತ್ತಿತ್ತು.

ಆ ಕಾಲದ ಶಾಲಾ ತನಿಖೆ ಹೇಗಿತ್ತೆಂಬುದನ್ನು ಇಂದಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಇಂಗ್ಲೆಂಡಿನಲ್ಲಿ ೧೮೬೨ರಲ್ಲಿ ಒಂದು ಕಟ್ಟಳೆ ಜಾರಿಗೆ ಬಂದಿತು. ಇನ್‌ಸ್ಪೆಕ್ಟರು ಶಾಲೆಗೆ ಬಂದು ಓದು, ಬರಹ, ಲೆಕ್ಕಗಳಲ್ಲಿ ಒಂದೊಂದೇ ಮಗುವನ್ನು ಪರೀಕ್ಷಿಸುವುದು. ತೇರ್ಗಡೆಯಾದ ಮಕ್ಕಳ ಲೆಕ್ಕ ಹಿಡಿದು ಶಾಲೆಗೆ ಹಣ ಕೊಡುವುದು. ಫಲಕ್ಕೆ ತಕ್ಕ ಹಣ ಎಂಬ ಈ ಪದ್ಧತಿ ದಕ್ಷಿಣ ಕನ್ನಡವು ಸೇರಿದ್ದ ಮದ್ರಾಸ್ ಪ್ರಾಂತದ ಅನುದಾನಿತ ಶಾಲೆಗಳಲ್ಲಿಯೂ ಬೇರುಬಿಟ್ಟಿತ್ತು. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಒಳಗೆ ನಡೆದುದು ಬೇರೆ. ಮಗು ತೇರ್ಗಡೆಯಾಗದಿದ್ದರೆ ಬಡ ಮಾಸ್ತರರ ಒಲೆ ಉರಿಯುತ್ತಿರಲಿಲ್ಲ. ಆದ್ದರಿಂದ ಅವರು ವರ್ಷವಿಡೀ ಒಂದೇ ಪುಸ್ತಕವನ್ನು ಗಿಳಿಪಾಠ ಮಾಡಿಸುತ್ತಿದ್ದರು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ತಡವರಿಸದೆ ಒಪ್ಪಿಸುವ ಮಕ್ಕಳು ತಯಾರಾದರು. ಇನ್‌ಸ್ಪೆಕ್ಟರ ಕಾಗದದ ಮೇಲೆ ಶಾಲೆ ಉತ್ತಮ. ಮಗುವಿಗೆ ಮಾತ್ರ ಒಂದು ಹೊಸ ಸಾಲನ್ನು ಓದಲು ಬಾರದು. ಈ ಪದ್ಧತಿಯನ್ನು ಕೈಬಿಡಬೇಕೆಂದು ಲಾರ್ಡ್ ಕರ್ಜನ್ನರ ಸರಕಾರ ೧೯೦೪ರ ಶಿಕ್ಷಣ ನಿರ್ಣಯದಲ್ಲಿ ಸಾರಬೇಕಾಯಿತು. ನಿಯಮ ಹೋದರೂ ಅದು ಬೆಳೆಸಿದ ಅಭ್ಯಾಸ ಬೇಗನೆ ಹೋಗಲಿಲ್ಲ. ಶಾಲೆಯ ಅಂಗಳದಲ್ಲಿ ಇನ್‌ಸ್ಪೆಕ್ಟರು ಕಾಣಿಸಿಕೊಂಡರೆ ಮಾಸ್ತರರ ಎದೆ ನಡುಗುತ್ತಿತ್ತು, ಮಾಸ್ತರರನ್ನು ನೋಡಿ ಮಕ್ಕಳ ಬಾಯಿ ಒಣಗುತ್ತಿತ್ತು.

ಇಂತಹ ವಾತಾವರಣದಲ್ಲಿ ಪಂಜೆಯವರು ತನಿಖೆಯ ಲೇಖನಿಯನ್ನು ಹಿಡಿದರು. ಅವರ ಸಂಗೀತಪ್ರಿಯತೆ, ವಿನೋದ, ಅಭಿನಯ ಕೌಶಲ್ಯಗಳನ್ನು ಅವರನ್ನು ಬಲ್ಲವರೆಲ್ಲರೂ ಸ್ಮರಿಸಿದ್ದಾರೆ. ಮಕ್ಕಳ ನಡುವೆ ನಿಂತು ಹಾಡುವ, ಕಥೆ ಹೇಳುವ, ಕೈಸನ್ನೆ ಮುಖಭಾವಗಳಿಂದ ಪಾಠವನ್ನು ಕಣ್ಣಿಗೆ ಕಟ್ಟಿಸುವ ಶಕ್ತಿ ಅವರಿಗಿತ್ತು. ತಮ್ಮ ಹುದ್ದೆಯನ್ನೇ ಹಾಸ್ಯಕ್ಕೆ ಒಡ್ಡಿ, ಹಳೆಯ ಸಬ್ ಅಸಿಸ್ಟೆಂಟನೊಬ್ಬನ ಸುಳ್ಳು ಡೈರಿಯೆಂಬ ಹೆಸರಿನಲ್ಲಿ ಅವರು ಹರಟೆ ಬರೆದರು. ಪ್ರವಾಸದ ದಿನಚರಿ ಬರೆದು ಮೇಲಧಿಕಾರಿಗೆ ಒಪ್ಪಿಸುವುದು ಅಂದಿನ ತನಿಖಾಧಿಕಾರಿಗಳ ಕರ್ತವ್ಯ. ಆ ದಿನಚರಿಗೆ ಸುಳ್ಳು ಎಂಬ ವಿಶೇಷಣವನ್ನು ಸ್ವತಃ ಆ ಇಲಾಖೆಯವರೇ ಸೇರಿಸಬೇಕಾದರೆ ಎಷ್ಟು ಧೈರ್ಯ ಬೇಕು! ಕಾಗದದ ಮೇಲಿನ ಶಾಲೆ ಬೇರೆ, ನೆಲದ ಮೇಲಿನ ಶಾಲೆ ಬೇರೆ ಎಂಬುದನ್ನು ಅವರು ನಗುನಗುತ್ತಲೇ ತಿಳಿದಿದ್ದರು.

ತಪ್ಪನ್ನು ಕಂಡು ಬರೆದಿಡುವುದಷ್ಟೇ ಅಧಿಕಾರಿಯ ಕೆಲಸವಾಗಿದ್ದರೆ ಪಂಜೆಯವರು ಇಂದು ಯಾರ ನೆನಪಿನಲ್ಲಿಯೂ ಉಳಿಯುತ್ತಿರಲಿಲ್ಲ. ಮಕ್ಕಳು ಅರ್ಥವರಿಯದೆ ಒಪ್ಪಿಸುವುದಕ್ಕೆ ಮಾಸ್ತರರೊಬ್ಬರೇ ಹೊಣೆಯಲ್ಲ, ಮಕ್ಕಳ ನಾಲಗೆಗೆ ಒಗ್ಗುವ ಪಾಠವೇ ಕೈಯಲ್ಲಿಲ್ಲ ಎಂಬುದನ್ನು ಅವರು ಕಂಡರು. ಹಳೆಗನ್ನಡದ ಗಟ್ಟಿ ಪದ್ಯಗಳನ್ನೂ ನೀತಿಯ ಒಣ ಮಾತುಗಳನ್ನೂ ಏಳೆಂಟು ವರ್ಷದ ಮಗು ಜೀರ್ಣಿಸಿಕೊಳ್ಳುವುದಾದರೂ ಹೇಗೆ? ಆದ್ದರಿಂದ ಇಲ್ಲದುದನ್ನು ತಾವೇ ಮಾಡಿಕೊಟ್ಟರು. ಅವರ ಕನ್ನಡ ಪದ್ಯ ಪುಸ್ತಕದ ಮೊದಲ ಭಾಗ ೧೯೧೨ರಲ್ಲಿ ಬಂದಿತು. ಮುಂದಿನ ಭಾಗಗಳು ಅದನ್ನು ಹಿಂಬಾಲಿಸಿದವು. ಹಾವು, ಗಾಳಿ, ಸೂರ್ಯೋದಯ, ಮಗು ದಿನವೂ ಕಾಣುವ ಇಂತಹ ಸಂಗತಿಗಳೇ ಅವರ ಹಾಡುಗಳಿಗೆ ವಸ್ತುವಾದವು. ತೆಂಕಣ ಗಾಳಿಯ ಹಾಡಿನಲ್ಲಿ ಮಾತೇ ಗಾಳಿಯಂತೆ ಬೀಸುತ್ತದೆ. ಹಾವಿನ ಹಾಡಿನಲ್ಲಿ ಪದವೇ ಹಾವಿನಂತೆ ಹರಿದಾಡುತ್ತದೆ. ಅಂತಹ ಹಾಡನ್ನು ಅರ್ಥ ತಿಳಿಯದೆ ಹಾಡುವುದು ಮಗುವಿಗೆ ಸಾಧ್ಯವೇ ಇಲ್ಲ. ಅದರ ಕೈಯೂ ಕಣ್ಣೂ ತಾವಾಗಿಯೇ ಅರ್ಥವನ್ನು ಹೇಳುತ್ತವೆ. ಒಡ್ಡನ ಓಟ, ಸಿಗಡಿ ಯಾಕೆ ಒಣಗಲಿಲ್ಲ ಮೊದಲಾದ ಕಥೆಗಳಲ್ಲಿ ಅಜ್ಜಿಯ ಬಾಯಿಯ ಕಥೆಯ ಸೊಗಸು ಇಳಿದು ಬಂದಿತು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಈ ಕಾರ್ಯಕ್ಕೆ ಒಂದು ಸಂಸ್ಥೆಯ ರೂಪವನ್ನೂ ಕೊಟ್ಟರು. ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದ ವ್ಯಾಕರಣ ಪಂಡಿತರೂ ಹೌದೆಂಬುದನ್ನು ಇಲ್ಲಿ ಮರೆಯಬಾರದು. ಅಷ್ಟು ಪಾಂಡಿತ್ಯವಿದ್ದವರು ಮಗುವಿನ ಎತ್ತರಕ್ಕೆ ಬಾಗಿದರೆಂಬುದೇ ದೊಡ್ಡ ಮಾತು.

ಕೆಲಕಾಲ ಮಂಗಳೂರಿನಲ್ಲಿ ಶಿಕ್ಷಕರಾಗುವವರಿಗೆ ತರಬೇತಿ ಕೊಟ್ಟ ಪಂಜೆಯವರು, ಬಳಿಕ ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರಾಗಿಯೂ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿಯೂ ಕೆಲಸ ಮಾಡಿದರು. ಕೊಡಗಿನ ಹಲವು ಮಕ್ಕಳ ಮನೆಮಾತು ಕೊಡವ ಭಾಷೆ, ಶಾಲೆಯ ಭಾಷೆ ಕನ್ನಡ. ಅಲ್ಲಿಯ ಸುಗ್ಗಿಯ ಹಬ್ಬವಾದ ಹುತ್ತರಿಯನ್ನು ಕುರಿತು ಅವರು ಕಟ್ಟಿದ ಹಾಡು ಕೊಡಗಿನವರ ಹೆಮ್ಮೆಯಾಯಿತು. ತುಳುನಾಡಿನ ಪಾಡ್ದನಗಳಲ್ಲಿ ಬಾಳಿದ ಕೋಟಿ ಚೆನ್ನಯರ ಕಥೆಯನ್ನೂ ಅವರು ಕನ್ನಡಕ್ಕೆ ತಂದರು. ಕೊಡವರ ಮಗುವಿಗೆ ತನ್ನ ಹಬ್ಬ, ತುಳುವರ ಮಗುವಿಗೆ ತನ್ನ ವೀರರು ಕನ್ನಡ ಪುಸ್ತಕದಲ್ಲಿ ಸಿಕ್ಕಿದರೆ, ಶಾಲೆಯು ಪರರ ಮನೆಯೆಂದು ಆ ಮಗುವಿಗೆ ತೋರುವುದಿಲ್ಲ. ಮನೆಮಾತನ್ನು ತುಳಿದು ಶಾಲೆಯ ಭಾಷೆಯನ್ನು ಬೆಳೆಸಬೇಕಾಗಿಲ್ಲವೆಂಬುದನ್ನು ಅವರು ಮಾಡಿ ತೋರಿಸಿದರು.

ಪಂಜೆಯವರ ಬಾಳಿನ ಕೊನೆಯ ಭಾಗ ನಮ್ಮ ಪ್ರದೇಶಕ್ಕೆ ಹತ್ತಿರವಾದುದು. ೧೯೩೪ರಲ್ಲಿ ರಾಯಚೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆಗ ರಾಯಚೂರು, ಕಲಬುರಗಿ, ಬೀದರಗಳೆಲ್ಲ ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತದ ಭಾಷೆ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯವು ೧೯೧೮ರಲ್ಲಿ ಉರ್ದುವನ್ನೇ ಬೋಧನಾ ಮಾಧ್ಯಮವಾಗಿ ಮಾಡಿಕೊಂಡು ಆರಂಭವಾಗಿತ್ತು. ಕೊಡಂಗಲ್ಲು ಕಲಬುರಗಿ ಜಿಲ್ಲೆಯಲ್ಲಿಯೂ, ನಾರಾಯಣಖೇಡ ಜಹೀರಾಬಾದುಗಳು ಬೀದರ ಜಿಲ್ಲೆಯಲ್ಲಿಯೂ ಇದ್ದು, ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈಚೆಗೆ ಬಂದವೆಂಬುದು ನಮ್ಮ ಹಿರಿಯರಿಗೆಲ್ಲ ಗೊತ್ತಿದೆ. ಕನ್ನಡಕ್ಕೆ ರಾಜಾಶ್ರಯವಿಲ್ಲದ ಸೀಮೆಯಲ್ಲಿ ಸಮ್ಮೇಳನದ ಪೀಠವನ್ನು ಏರಲು ಮಕ್ಕಳ ಹಾಡು ಬರೆದ ಮಾಸ್ತರರೊಬ್ಬರನ್ನು ಕರೆದುದು ಅರ್ಥಪೂರ್ಣವಾಗಿದೆ. ಆಶ್ರಯ ತಪ್ಪಿದಲ್ಲಿ ಭಾಷೆ ಉಳಿಯುವುದು ಮಕ್ಕಳ ಬಾಯಿಯಲ್ಲಿಯೇ ಅಲ್ಲವೆ? ಮೂರು ವರ್ಷಗಳ ತರುವಾಯ, ೧೯೩೭ರ ಅಕ್ಟೋಬರಿನಲ್ಲಿ, ಪಂಜೆಯವರು ಹೈದರಾಬಾದಿನಲ್ಲಿ ಕೊನೆಯುಸಿರೆಳೆದರು. ಬಂಟವಾಳದಲ್ಲಿ ಹುಟ್ಟಿದ ಜೀವ ಇಂದಿನ ನಮ್ಮ ರಾಜಧಾನಿಯಲ್ಲಿ ಶಾಂತವಾಯಿತು.

ಇಂದು ಶಾಲೆಗಳನ್ನು ಅಳೆಯುವ ಮಾನದಂಡಗಳು ಬಹಳವಾಗಿವೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಪ್ರಾಥಮಿಕ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದೂ, ಕುಡಿಯುವ ನೀರು, ಶೌಚಾಲಯ, ಗ್ರಂಥಾಲಯಗಳಿರಬೇಕೆಂದೂ ವಿಧಿಸಿದೆ. ೨೦೨೧ರಲ್ಲಿ ಆರಂಭವಾದ ನಿಪುಣ ಭಾರತ ಯೋಜನೆಯು ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಅರ್ಥವರಿತು ಓದಬೇಕೆಂಬ ಗುರಿಯನ್ನಿಟ್ಟಿದೆ. ಇವೆಲ್ಲವೂ ಬೇಕಾದವೇ. ನೀರಿಲ್ಲದ, ಮಾಸ್ತರರಿಲ್ಲದ ಶಾಲೆಯಲ್ಲಿ ಹಾಡು ಹೇಳಿಕೊಡುವವರು ಯಾರು? ಆದರೆ ಪಟ್ಟಿಯ ಎಲ್ಲ ಅಂಕಣಗಳೂ ತುಂಬಿದ್ದು, ಮಗುವಿನ ನಾಲಗೆ ಮಾತ್ರ ಕಟ್ಟಿಹೋಗಿದ್ದರೆ, ಅದು ನೂರು ವರ್ಷಗಳ ಹಿಂದಿನ ಗಿಳಿಪಾಠದ ಶಾಲೆಯೇ ಸರಿ. ಮೂರು ದಶಕಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ಕಳೆದವನಾಗಿ, ಪಂಜೆಯವರ ಬಾಳಿನಿಂದ ನಾನು ಕಲಿತ ನಾಲ್ಕು ಮಾತುಗಳನ್ನು ಪಾಲಕರ ಮುಂದಿಡಬಯಸುತ್ತೇನೆ.

ಶಾಲೆಯನ್ನು ನೋಡಲು ಹೋದಾಗ ಪಠ್ಯಪುಸ್ತಕವನ್ನು ಬದಿಗಿಡಿ. ಮಗು ಎಂದೂ ಕಾಣದ ಒಂದು ಪುಟವನ್ನು, ಪತ್ರಿಕೆಯ ತುಣುಕಾದರೂ ಸರಿ, ಅದರ ಕೈಗೆ ಕೊಟ್ಟು ಓದಿಸಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಲು ಬಿಡಿ. ಕಂಠಪಾಠದ ಹಂಗು ಅಲ್ಲಿಗೆ ಹರಿಯುತ್ತದೆ. ಮುಂದಿನ ಸಾಲಿನ ಜಾಣನನ್ನು ಮಾತನಾಡಿಸಿ ಮರಳಬೇಡಿ. ಕೊನೆಯ ಸಾಲಿನಲ್ಲಿ ಮುದುಡಿ ಕುಳಿತ ಮಗುವನ್ನು ಮಾತನಾಡಿಸಿ. ಮಾಸ್ತರರು ಒಳಗೆ ಬಂದಾಗ ಮಕ್ಕಳ ಮುಖ ಅರಳುವುದೋ ಬಾಡುವುದೋ ಎಂಬುದನ್ನು ಗಮನಿಸಿ. ಮಗು ಮನೆಗೆ ಬಂದ ಮೇಲೆ ಯಾರೂ ಹೇಳದೆಯೇ ಹಾಡುವ ಹಾಡೊಂದು ಶಾಲೆಯಿಂದ ಬಂದಿದೆಯೇ ಎಂಬುದನ್ನು ಕಿವಿಗೊಟ್ಟು ಕೇಳಿ. ಈ ಪರೀಕ್ಷೆಗೆ ಹಣ ಬೇಡ, ಇಂಗ್ಲಿಷ್ ಬೇಡ, ಹೆಚ್ಚಿನ ಓದೂ ಬೇಡ. ಅಕ್ಷರ ಕಲಿಯದ ತಾಯಿಯೂ ಇದನ್ನು ಮಾಡಬಲ್ಲಳು. ಇದರಲ್ಲಿ ಕನ್ನಡ ಶಾಲೆ ಸೋತರೆ ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಬರಿಯ ಅಭಿಮಾನದಿಂದ ಮಕ್ಕಳನ್ನು ಅಲ್ಲಿ ಕೂಡಿಹಾಕುವುದು ಧರ್ಮವಲ್ಲ. ಗೆದ್ದರೆ, ಬಣ್ಣದ ಬಸ್ಸು ಕಂಡು ಮಗುವನ್ನು ಬೇರೆಡೆಗೆ ಒಯ್ಯಬಾರದು.

ಸೋಲು ಕಂಡಲ್ಲಿ ಏನು ಮಾಡಬೇಕೆಂಬುದಕ್ಕೂ ಪಂಜೆಯವರ ಬಾಳಿನಲ್ಲಿ ಉತ್ತರವಿದೆ. ಅವರು ಶಾಲೆಯ ಕೊರತೆಯನ್ನು ವರದಿಯಲ್ಲಿ ಬರೆದು ಸುಮ್ಮನಾಗಲಿಲ್ಲ, ಪುಸ್ತಕ ಬರೆದರು. ಈ ಶಾಲೆಯಲ್ಲಿ ಕಲಿತು ಹೈದರಾಬಾದ್, ಕಲಬುರಗಿ, ಬೆಂಗಳೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಹಬ್ಬಕ್ಕೆ ಊರಿಗೆ ಬಂದಾಗ ಒಂದು ದಿನ ತರಗತಿಯಲ್ಲಿ ಕುಳಿತು ಮಕ್ಕಳಿಂದ ಓದಿಸಿ ಕೇಳಲಿ. ಓದಲು ತಡವರಿಸುವ ಮಗುವಿಗೆ ಕಥೆಯ ಪುಸ್ತಕಗಳನ್ನು ತಂದುಕೊಡಲಿ. ಊರಿನ ಹಿರಿಯರು ತಮಗೆ ತಿಳಿದ ಹಂತಿಯ ಪದ, ಬೀಸುವ ಪದಗಳನ್ನು ಮಕ್ಕಳಿಗೆ ಕಲಿಸಲಿ. ಸುವರ್ಣ ಮಹೋತ್ಸವದ ಹಂದರ ನಾಳೆ ಇಳಿಯುತ್ತದೆ. ನಾಡಿದ್ದು ಬೆಳಿಗ್ಗೆ ಒಂದನೆಯ ತರಗತಿಯ ಮಗು ಹಲಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ. ಆ ಮಗುವಿನ ಮುಖದಲ್ಲಿ ನಮ್ಮ ಶಾಲೆಯ ಮುಂದಿನ ಐವತ್ತು ವರ್ಷಗಳ ವರದಿಯನ್ನು ಓದಿಕೊಳ್ಳುವ ಬುದ್ಧಿಯನ್ನು ಭಗವಂತನು ನಮಗೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ.