ಸಂಕಷ್ಟದಲ್ಲಿ ವಿಶ್ವಾಸದ ದೀಪ ಆರದಂತೆ ಕಾಯ್ದ ಸಂತ ಜೋಸೆಫ್ ವಾಜ್

ಪ್ರತಿವರ್ಷ ಜನವರಿ 16ರಂದು ಪವಿತ್ರ ಸಭೆಯು ಸಂತ ಜೋಸೆಫ್ ವಾಜ್‌ರವರ ಹಬ್ಬವನ್ನು ಆಚರಿಸುತ್ತದೆ. ಶ್ರೀಲಂಕಾದ ಪ್ರೇಷಿತರೆಂದು ಖ್ಯಾತರಾದ ಇವರು ನಮ್ಮ ಕರಾವಳಿಯಲ್ಲೂ ಸೇವೆ ಸಲ್ಲಿಸಿದವರು ಎಂಬುದು ನಮಗೆ ಹೆಮ್ಮೆಯ ವಿಷಯ.

ಜೋಸೆಫ್ ವಾಜ್‌ರವರು 1651ರ ಏಪ್ರಿಲ್ 21ರಂದು ಗೋವಾದ ಬೆನಾವಲಿಯಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಮಾತೆ ಮರಿಯಮ್ಮನವರಲ್ಲಿ ಅಪಾರ ಭಕ್ತಿಯಿದ್ದ ಅವರು 1677ರಲ್ಲಿ ತಮ್ಮನ್ನು ಮಾತೆಯ ದಾಸನೆಂದು ಬರೆದುಕೊಟ್ಟು ಸಮರ್ಪಿಸಿಕೊಂಡರು.

ಆಗ ಸಿಲೋನ್ ಎನಿಸಿದ್ದ ಶ್ರೀಲಂಕಾದ ಕರಾವಳಿ ಡಚ್ಚರ ವಶವಾಗಿತ್ತು. 1658ರಲ್ಲಿ ಜಾಫ್ನಾ ಅವರ ಕೈಸೇರಿದ ಬಳಿಕ ಕಥೋಲಿಕ ಗುರುಗಳನ್ನು ಹೊರಗಟ್ಟಲಾಯಿತು, ಬಲಿಪೂಜೆಗೆ ನಿಷೇಧ ಹೇರಲಾಯಿತು. ಭಕ್ತಾದಿಗಳು ಮನೆಯೊಳಗೆ ಗುಟ್ಟಾಗಿ ಪ್ರಾರ್ಥಿಸುತ್ತಾ ಗುರುಗಳಿಲ್ಲದೆ ವರ್ಷಗಳನ್ನು ಕಳೆದರು. ಈ ಸುದ್ದಿ ಕೇಳಿದ ಜೋಸೆಫ್ ವಾಜ್‌ರವರು ಅಲ್ಲಿಗೆ ಹೋಗಲು ಹಂಬಲಿಸಿದರು. ಆದರೆ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಿದರು. ಧರ್ಮಾಧಿಕಾರದ ವಿಚಾರದಲ್ಲಿ ಇಲ್ಲಿ ಒಡಕಿದ್ದ ಕಾಲವದು. ಅವರು ವಿಧೇಯತೆಯಿಂದ ಬಂದು, ತಾಳ್ಮೆಯಿಂದ ಜನರನ್ನು ಒಗ್ಗೂಡಿಸಿ, 1684ರವರೆಗೆ ಸೇವೆ ಮಾಡಿದರು. ಮುಡಿಪುವಿನಲ್ಲಿರುವ ಅವರ ಪುಣ್ಯಕ್ಷೇತ್ರಕ್ಕೆ ಇಂದೂ ಸಾವಿರಾರು ಭಕ್ತರು ಬರುತ್ತಾರೆ.

ಗೋವಾಕ್ಕೆ ಮರಳಿ ಓರೆಟರಿ ಸಂಸ್ಥೆಯನ್ನು ಸೇರಿದ ಅವರು 1686ರಲ್ಲಿ ಜಾನ್ ಎಂಬ ಸೇವಕನೊಂದಿಗೆ ಸಿಲೋನ್‌ಗೆ ಹೊರಟರು. 1687ರಲ್ಲಿ ಜಾಫ್ನಾ ತಲುಪುವಷ್ಟರಲ್ಲಿ ಇಬ್ಬರೂ ತೀವ್ರ ಕಾಯಿಲೆಗೆ ತುತ್ತಾಗಿದ್ದರು. ಚೇತರಿಸಿಕೊಂಡ ಮೇಲೆ ಅವರು ಭಿಕ್ಷುಕನ ವೇಷದಲ್ಲಿ ಕೊರಳಿಗೆ ಜಪಮಾಲೆ ಧರಿಸಿ ಮನೆಮನೆಗೆ ಹೋದರು. ಜಪಮಾಲೆಯನ್ನು ಕಂಡು ಯಾರ ಮುಖ ಅರಳುತ್ತದೋ ಅವರು ಕಥೋಲಿಕರೆಂದು ಗುರುತಿಸಿದರು. ರಾತ್ರಿ ಹೊತ್ತಿನಲ್ಲಿ ಮನೆಗಳಲ್ಲೇ ಪೂಜೆ ಅರ್ಪಿಸಿ, ಪಾಪನಿವೇದನೆ ಆಲಿಸಿ, ಮಕ್ಕಳಿಗೆ ಜ್ಞಾನಸ್ನಾನ ನೀಡಿದರು.

1692ರಲ್ಲಿ ಅವರು ಡಚ್ಚರ ಆಳ್ವಿಕೆಯ ಹೊರಗಿದ್ದ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಅಲ್ಲಿ ಸೆರೆಮನೆ ಸೇರಬೇಕಾಯಿತು. ಅವರು ಎದೆಗುಂದಲಿಲ್ಲ. ಸೆರೆಯಲ್ಲಿದ್ದುಕೊಂಡೇ ಸಿಂಹಳ ಭಾಷೆ ಕಲಿತರು, ಪುಟ್ಟ ಗುಡಿಸಲು ಕಟ್ಟಿ ಪೂಜೆ ಅರ್ಪಿಸಿದರು. ಅವರ ಸರಳ ಜೀವನವನ್ನು ಕಂಡ ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯನ ಮನಸ್ಸು ಕ್ರಮೇಣ ಬದಲಾಯಿತು. ಬರಗಾಲದಲ್ಲಿ ಅವರು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದು ಭಕ್ತರು ಇಂದಿಗೂ ಸ್ಮರಿಸುತ್ತಾರೆ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಜನರು ರೋಗಿಗಳಾದ ತಮ್ಮವರನ್ನೇ ಬಿಟ್ಟು ಊರು ತೊರೆದರು. ಜೋಸೆಫ್ ವಾಜ್‌ರವರು ಮಾತ್ರ ಸಹಗುರುವಿನೊಂದಿಗೆ ಅಲ್ಲೇ ಉಳಿದರು. ಜಾತಿ, ಧರ್ಮ ನೋಡದೆ ರೋಗಿಗಳಿಗೆ ಉಣಿಸಿದರು, ಹುಣ್ಣುಗಳನ್ನು ತೊಳೆದರು, ಸತ್ತವರನ್ನು ಹೂಳಿದರು. ಬೋಧನೆಯಿಂದ ಆಗದ್ದನ್ನು ಈ ಸೇವೆ ಮಾಡಿತು. ಕ್ರೈಸ್ತ ವಿಶ್ವಾಸವೆಂದರೆ ಏನೆಂದು ಅನ್ಯಧರ್ಮೀಯರಿಗೂ ಅರ್ಥವಾಯಿತು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ದೈವಾಧೀನರಾದರು. ಹುಟ್ಟೂರಿಗೆ ಅವರು ಮತ್ತೆ ಮರಳಲೇ ಇಲ್ಲ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್‌ರವರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಕಷ್ಟ ಬಂದಾಗ ದೇವರು ನಮ್ಮನ್ನು ಕೈಬಿಟ್ಟರೇ ಎಂದು ನಾವು ಕೇಳುತ್ತೇವೆ. ಗುರುಗಳಿಲ್ಲದ ಕಾಲದಲ್ಲಿ ಜಾಫ್ನಾದ ತಾಯಂದಿರೂ ಹೀಗೆಯೇ ಕೇಳಿರಬಹುದು. ಆದರೂ ಅವರು ಮಕ್ಕಳಿಗೆ ಪ್ರಾರ್ಥನೆ ಕಲಿಸುವುದನ್ನು ನಿಲ್ಲಿಸಲಿಲ್ಲ. ಅವರು ಕಾಯ್ದಿಟ್ಟ ಕಿಡಿಯನ್ನೇ ಈ ಸಂತರು ಊದಿ ಬೆಳಗಿಸಿದರು. ಜೋಸೆಫ್ ವಾಜ್‌ರವರು ಕಷ್ಟವನ್ನು ತೆಗೆದುಹಾಕಲು ಶಕ್ತರಾಗಿರಲಿಲ್ಲ, ಆದರೆ ಕಷ್ಟದಲ್ಲಿದ್ದವರ ಬಳಿಗೆ ಹೋಗಿ ಜೊತೆಗಿದ್ದರು. ನಮ್ಮ ವಾಳೆಯಲ್ಲೂ ಹಾಸಿಗೆ ಹಿಡಿದವರು, ಒಂಟಿಯಾದ ವೃದ್ಧರು, ಸಾಲದಿಂದ ನೊಂದ ಕುಟುಂಬಗಳಿವೆ. ಅವರ ಬಾಗಿಲು ತಟ್ಟಿ ಒಂದಿಷ್ಟು ಹೊತ್ತು ಜೊತೆಗಿರುವುದೇ ಈ ಸಂತರಿಗೆ ನಾವು ಸಲ್ಲಿಸುವ ನಿಜವಾದ ಗೌರವ.

ಸಂತ ಜೋಸೆಫ್ ವಾಜ್‌ರವರೇ, ನಮಗಾಗಿ ಪ್ರಾರ್ಥಿಸಿರಿ.